ಮಾಟದ ಪುಸ್ತಕ ಮನೆಗೆ ಬೇಡ ಅನ್ನುವವರ ಜೊತೆ ಒಂದಿಷ್ಟು ಮಾತು

(ಮಂಡ್ಯದಲ್ಲಿ ಪೋಷಕರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅವತ್ತು ಸಮಯ ಸಾಲದೆ ಬಿಟ್ಟ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಕ್ಕಳ ಕಥೆಪುಸ್ತಕಗಳಲ್ಲಿ ಮಾಯ ಮಂತ್ರ ಇರಬಹುದಾ, ಅದನ್ನು ಓದಿದರೆ ಮಕ್ಕಳ ದೈವಭಕ್ತಿಗೆ, ಮನಸ್ಸಿಗೆ ಏನಾದರೂ ಕೆಡುಕಾಗುತ್ತದಾ, ಇದು ಇವತ್ತಿನ ವಿಷಯ. ಈ ಪ್ರಶ್ನೆ ಎತ್ತಿದ ಕೂಡಲೇ ಓದಿಕೊಂಡವರಲ್ಲಿ ತುಂಬಾ ಜನ ನಕ್ಕುಬಿಡುತ್ತಾರೆ. "ಅಯ್ಯೋ, ಬರೀ ಕಥೆ ಅಲ್ವಾ, ಅದಕ್ಯಾಕೆ ತಲೆ ಕೆಡಿಸ್ಕೋತೀರಾ" ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕಥೆ ಮಕ್ಕಳೊಳಗೆ ಇಳಿಯುತ್ತದೆ, ಅಲ್ಲೇ ಉಳಿಯುತ್ತದೆ, ಅವರು ದೊಡ್ಡವರಾಗಿ ಸಂಸಾರ ಹೂಡಿದ ಮೇಲೂ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಪುಣ್ಯಕೋಟಿಯ ಕಥೆ ಕೇಳಿದರೆ ಮಗು ಕೊಟ್ಟ ಮಾತಿಗೆ ತಪ್ಪಬಾರದು ಅಂತ ಕಲಿಯುತ್ತದೆ ಅಂತ ನಂಬುವ ನಾವು, ಇನ್ನೊಂದು ಕಥೆಯಿಂದ ಏನೂ ಆಗುವುದಿಲ್ಲ ಬಿಡಿ ಅಂತ ಹೇಗೆ ಹೇಳೋಣ? ಕಥೆಗೆ ಶಕ್ತಿ ಇದೆ ಅನ್ನುವ ವಿಷಯದಲ್ಲಿ, ಆಕ್ಷೇಪ ಎತ್ತುವ ಅಪ್ಪ ಅಮ್ಮಂದಿರೇ ಸರಿ. ನಗುವವರು ತಪ್ಪು.

ಹಾಗಂತ ಅವರು ಪುಸ್ತಕ ಕಿತ್ತುಕೊಳ್ಳುವುದು ಸರಿ ಅಂತ ನಾನು ಹೇಳುತ್ತಿಲ್ಲ. ಅವರು ಹೆದರುತ್ತಿರುವುದು ಬೇರೆ ಯಾವುದಕ್ಕೋ, ಕೈ ಹಾಕುತ್ತಿರುವುದು ಇನ್ಯಾವುದಕ್ಕೋ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹೊರದೇಶಗಳಲ್ಲಿ ಏನೇನಾಯಿತು ಅಂತ ನೋಡೋಣ. ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಇಂಗ್ಲೆಂಡಿನಲ್ಲಿ ಬಂದದ್ದು 1997ರಲ್ಲಿ, ಏಳನೆಯದು ಹಾಗೂ ಕೊನೆಯದು 2007ರಲ್ಲಿ. ಮಾಂತ್ರಿಕರ ಶಾಲೆಗೆ ಸೇರುವ ಒಬ್ಬ ತಬ್ಬಲಿ ಹುಡುಗನ ಕಥೆ ಅದು, ನಿಮಗೆಲ್ಲ ಗೊತ್ತಿರುವುದೇ. ಅಮೆರಿಕದ ಗ್ರಂಥಾಲಯ ಸಂಘದವರು ಯಾವ ಪುಸ್ತಕದ ಮೇಲೆ ಜಾಸ್ತಿ ದೂರು ಬರುತ್ತದೆ ಅಂತ ಲೆಕ್ಕ ಇಡುತ್ತಾರೆ. 2000ದಿಂದ 2009ರವರೆಗಿನ ಹತ್ತು ವರ್ಷದ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಸರಣಿಗೇ. ದೂರುಗಳಲ್ಲಿ ಮುಖ್ಯವಾದದ್ದು, ಇದು ಮಕ್ಕಳಿಗೆ ಮಾಟಗಾತಿಯರ ವಿದ್ಯೆ ಕಲಿಸುತ್ತದೆ, ಸೈತಾನನ ದಾರಿಗೆ ಎಳೆಯುತ್ತದೆ ಅನ್ನುವುದು.

2001ರ ಡಿಸೆಂಬರ್ 30, ಭಾನುವಾರ. ನ್ಯೂ ಮೆಕ್ಸಿಕೊ ರಾಜ್ಯದ ಆಲಮಗಾರ್ಡೊ ಅನ್ನುವ ಊರಿನಲ್ಲಿ ಒಂದು ಚರ್ಚಿನವರು ಬಯಲಲ್ಲಿ ಬೆಂಕಿ ಹಾಕಿ ಈ ಪುಸ್ತಕಗಳನ್ನು ಸುಟ್ಟರು. ಕ್ರಿಸ್‌ಮಸ್ ಕಳೆದು ಇನ್ನೂ ವಾರ ಆಗಿರಲಿಲ್ಲ. ಸುಡಿಸಿದ ಪಾದ್ರಿಯೇ ತಾನು ಆ ಪುಸ್ತಕ ಓದಿಲ್ಲ ಅಂತ ಒಪ್ಪಿಕೊಂಡಿದ್ದರು. ನನಗೆ ಬೆಂಕಿಗಿಂತ ಆ ಮಾತೇ ಜಾಸ್ತಿ ನೋವು ಕೊಡುತ್ತದೆ. ಒಂದು ಊರಿನ ಮಕ್ಕಳ ಆತ್ಮದ ಜವಾಬ್ದಾರಿ ನನ್ನದು ಅಂತ ನಂಬಿದ ಮನುಷ್ಯ, ಆ ಮಕ್ಕಳು ರಾತ್ರಿಯಿಡೀ ಕೂತು ಓದುತ್ತಿರುವುದನ್ನು ತಾನೂ ಒಂದು ಸಲ ಓದಿ ನೋಡಬಾರದಾ?

ಕ್ರೈಸ್ತರಲ್ಲಿ ಮಾತ್ರ ಹೀಗಾಯಿತು ಅಂತಲ್ಲ. 2002ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಖಾಸಗಿ ಶಾಲೆಗಳಿಂದಲೂ ಈ ಪುಸ್ತಕಗಳನ್ನು ತೆಗೆಸಿದರು. 2019ರಲ್ಲಿ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಪಾದ್ರಿಗಳು ಪುಸ್ತಕಗಳ ಜೊತೆಗೆ ಆಫ್ರಿಕಾದ ಒಂದು ಮರದ ಮುಖವಾಡ, ಆನೆಯ ಬೊಂಬೆ, ಬೆಕ್ಕಿನ ಚಿತ್ರ ಇರುವ ಮಕ್ಕಳ ಛತ್ರಿ, ಎಲ್ಲವನ್ನೂ ಒಟ್ಟಿಗೆ ಬೆಂಕಿಗೆ ಹಾಕಿದರು. ಫೋಟೊ ಎಲ್ಲ ಕಡೆ ಹರಡಿತು, ಆಮೇಲೆ ಕ್ಷಮೆ ಕೇಳಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬೆಂಕಿ ಒಂದು ಸಲ ಹೊತ್ತಿಕೊಂಡರೆ ಅದಕ್ಕೆ ಏನು ಹಾಕಬೇಕು ಅನ್ನುವ ಲೆಕ್ಕ ತಪ್ಪಿಹೋಗುತ್ತದೆ. ಮಾಟದ ಪುಸ್ತಕ ಅಂತ ಶುರುವಾದದ್ದು ಇನ್ನೊಬ್ಬರ ಸಂಸ್ಕೃತಿಯ ಮುಖವಾಡದವರೆಗೆ, ಮಗುವಿನ ಛತ್ರಿಯವರೆಗೆ ಹೋಯಿತು.

ಅದೇ 2019ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಒಂದು ಕ್ಯಾಥೊಲಿಕ್ ಶಾಲೆಯ ಗ್ರಂಥಾಲಯದಿಂದಲೂ ಪುಸ್ತಕಗಳು ಹೊರಬಿದ್ದವು. ಇದರಲ್ಲಿರುವ ಮಂತ್ರಗಳು ನಿಜವಾದವು, ಓದಿದರೆ ದುಷ್ಟಶಕ್ತಿಗಳು ಬರುವ ಅಪಾಯ ಇದೆ ಅಂತ ಅಲ್ಲಿನ ಪಾದ್ರಿ ಬರೆದಿದ್ದರು. ದೆವ್ವ ಬಿಡಿಸುವವರನ್ನು ಕೇಳಿಯೇ ಈ ತೀರ್ಮಾನಕ್ಕೆ ಬಂದದ್ದು ಅಂತಲೂ ಬರೆದಿದ್ದರು.

ಈಗ ಈ ಭಯದ ಬೇರು ಎಲ್ಲಿದೆ ಅಂತ ನೋಡಬೇಕು. ಬೈಬಲ್ಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ. ಕಣಿ ಹೇಳುವುದು, ಶಕುನ ನೋಡುವುದು, ಮಾಟ ಮಾಡುವುದು, ಸತ್ತವರನ್ನು ಕರೆದು ಮಾತಾಡಿಸುವುದು, ಇವೆಲ್ಲ ದೇವರಿಗೆ ಅಸಹ್ಯ ಅಂತ. ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿ ಇನ್ನೂ ಕಠಿಣವಾದ ಮಾತಿದೆ, ಮಾಟಗಾತಿಯನ್ನು ಬದುಕಗೊಡಬಾರದು ಅಂತ. ಈ ಮಾತು ಕಾಗದದ ಮೇಲೆ ಸುಮ್ನೆ ಕೂತಿರಲಿಲ್ಲ. ಯುರೋಪಿನಲ್ಲಿ ಇದರ ಹೆಸರು ಹೇಳಿ ಸಾವಿರಾರು ಜನರನ್ನು, ಅದರಲ್ಲೂ ಹೆಂಗಸರನ್ನು ಕೊಂದರು. 1692ರಲ್ಲಿ ಅಮೆರಿಕದ ಸೇಲಂನಲ್ಲಿ 19 ಜನರನ್ನು ನೇಣಿಗೆ ಹಾಕಿದರು. ನಮ್ಮ ದೇಶದಲ್ಲೂ ಡಾಕಿನಿ ಅಂತ ಹೆಸರು ಕಟ್ಟಿ ಒಂಟಿ ಹೆಂಗಸರನ್ನು ಹೊಡೆದು ಸಾಯಿಸುವುದು ಇದೆ, ಬಿಹಾರದಲ್ಲಿ ಅದನ್ನು ತಡೆಯಲೆಂದೇ 1999ರಲ್ಲಿ ಕಾನೂನು ಮಾಡಬೇಕಾಯಿತು.

ಕುರಾನಿನ ಎರಡನೇ ಅಧ್ಯಾಯದಲ್ಲೂ ಮಾಟದ ಮಾತು ಬರುತ್ತದೆ. ಬ್ಯಾಬಿಲೋನಿನಲ್ಲಿ ಹಾರೂತ್ ಮಾರೂತ್ ಅನ್ನುವ ಇಬ್ಬರು ದೇವಚರರು, "ನಾವು ಬಂದಿರುವುದು ಪರೀಕ್ಷೆಗಾಗಿ, ನೀವು ದಾರಿ ತಪ್ಪಬೇಡಿ" ಅಂತ ಎಚ್ಚರಿಸಿದ ಮೇಲೂ ಜನ ಗಂಡ ಹೆಂಡತಿಯನ್ನು ದೂರ ಮಾಡುವ ವಿದ್ಯೆಯನ್ನೇ ಕಲಿತರಂತೆ. ನೋಡಿ, ಎಷ್ಟು ಸೂಕ್ಷ್ಮವಾಗಿದೆ. ಮಾಟದ ಕೆಡುಕು ಅಂದಾಗ ಅಲ್ಲಿ ಕೊಟ್ಟಿರುವ ಉದಾಹರಣೆ ಸಂಸಾರ ಒಡೆಯುವುದು.

ಈ ಎರಡೂ ಕಡೆ ಬೇಡ ಅಂದಿರುವುದು ಏನನ್ನು? ನಿಜವಾಗಿ ಮಾಡುವುದನ್ನು. ಕಣಿ ಕೇಳಲು ಹೋಗುವುದನ್ನು, ಇನ್ನೊಬ್ಬರ ಮನೆ ಹಾಳು ಮಾಡಲು ಮಾಟ ಹಾಕಿಸುವುದನ್ನು. ಕಥೆ ಹೇಳುವವರು ಆ ಪಟ್ಟಿಯಲ್ಲಿ ಇಲ್ಲ. ಇರಲು ಸಾಧ್ಯವೂ ಇಲ್ಲ, ಯಾಕೆಂದರೆ ಆ ಗ್ರಂಥಗಳೇ ಈಜಿಪ್ಟಿನ ದೊರೆ ಫರೋಹನ ಮಾಂತ್ರಿಕರ ಕಥೆಯನ್ನೂ, ಅವರ ಕೋಲುಗಳು ಹಾವಾದ ಕಥೆಯನ್ನೂ ಹೇಳುತ್ತವೆ.

ಇನ್ನೊಂದು ವಿಷಯ. ಧರ್ಮದವರೆಲ್ಲ ಒಂದೇ ಮಾತು ಆಡಿದರು ಅಂತ ಅಂದುಕೊಳ್ಳಬೇಡಿ. 2003ರಲ್ಲಿ ವ್ಯಾಟಿಕನ್‌ನ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಪಾದ್ರಿ ಹ್ಯಾರಿ ಪಾಟರ್ ಪುಸ್ತಕಗಳಲ್ಲಿ ತಪ್ಪೇನೂ ಇಲ್ಲ, ಒಳ್ಳೆಯದು ಕೆಟ್ಟದ್ದರ ನಡುವಿನ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸುತ್ತವೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಅದೇ ವರ್ಷ ಕಾರ್ಡಿನಲ್ ರಾಟ್ಸಿಂಗರ್, ಅಂದರೆ ಮುಂದೆ ಪೋಪ್ ಆದ ಹದಿನಾರನೇ ಬೆನೆಡಿಕ್ಟ್, ಈ ಪುಸ್ತಕಗಳನ್ನು ಟೀಕಿಸಿದ್ದ ಜರ್ಮನ್ ಲೇಖಕಿಯೊಬ್ಬರಿಗೆ ಪತ್ರ ಬರೆದು, ಇವು ಮಕ್ಕಳನ್ನು ಅರಿವಿಗೆ ಬಾರದ ಹಾಗೆ ಸೆಳೆದು ನಂಬಿಕೆಯನ್ನು ಕೆಡಿಸಬಹುದು ಅನ್ನುವ ಆತಂಕಕ್ಕೆ ದನಿಗೂಡಿಸಿದರು. ಒಂದೇ ಚರ್ಚು, ಒಂದೇ ವರ್ಷ, ಎರಡು ಅಭಿಪ್ರಾಯ. ರಾಟ್ಸಿಂಗರ್ ಹೇಳಿದ್ದನ್ನು ನಾನು ಹಗುರವಾಗಿ ನೋಡುವುದಿಲ್ಲ. ಪುಸ್ತಕ ಸುಡಿ ಅಂತ ಅವರು ಹೇಳಲಿಲ್ಲ. ಕಥೆ ಗೊತ್ತಾಗದ ಹಾಗೆ ಒಳಗಿಳಿಯುತ್ತದೆ ಅಂದರು. ಅದು ನಾನು ಆಗಲೇ ಒಪ್ಪಿಕೊಂಡ ಮಾತು.

ಈ ಗಲಾಟೆಯ ನಡುವೆ ಇನ್ನೊಂದು ನಡೆಯಿತು. 2000ದಲ್ಲಿ ಅಮೆರಿಕದ ದಿ ಆನಿಯನ್ ಅನ್ನುವ ವಿಡಂಬನೆಯ ಪತ್ರಿಕೆ, ಹ್ಯಾರಿ ಪಾಟರ್ ಓದಿ ಮಕ್ಕಳು ಗುಂಪುಗುಂಪಾಗಿ ಸೈತಾನನ ಪೂಜೆಗೆ ಇಳಿದಿದ್ದಾರೆ ಅಂತ ತಮಾಷೆಗೆ ಒಂದು ವರದಿ ಬರೆಯಿತು. ಎಲ್ಲ ಕಲ್ಪನೆ. ಆದರೆ ಅದನ್ನೇ ನಿಜ ಅಂತ ತಿಳಿದು ಜನ ಇಮೇಲ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಕಳಿಸಿಕೊಂಡರು, ಅದರಲ್ಲಿ ನನಗೆ ಅನುಮಾನವಿಲ್ಲ. ಇವತ್ತು ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಬರುವ "ಪೋಷಕರೇ ಎಚ್ಚರ" ಅನ್ನುವ ಸಂದೇಶಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ದಯವಿಟ್ಟು ಮುಂದೆ ತಳ್ಳುವ ಮೊದಲು ಪುಸ್ತಕ ತೆಗೆದು ನಾಲ್ಕು ಪುಟ ಓದಿ.

ಸರಿ, ಈಗ ನಮ್ಮ ಊರಿಗೆ ಬರೋಣ.

ನಮ್ಮ ಮೈಸೂರು, ಮಂಡ್ಯದ ಮಗು ಯಾವ ಕಥೆಗಳ ನಡುವೆ ಬೆಳೆಯುತ್ತದೆ? ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರೆ, ಹಿಂದೆ ಅಲ್ಲಿ ಆಳುತ್ತಿದ್ದವನ ಹೆಂಡತಿ ಅಲಮೇಲಮ್ಮನ ಕಥೆ ಹೇಳುತ್ತೇವೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದ ಮೇಲೆ, ಒಡವೆಗಾಗಿ ಬೆನ್ನಟ್ಟಿ ಬಂದವರ ಕೈಗೆ ಸಿಗದೆ ಆಕೆ ಕಾವೇರಿಗೆ ಹಾರಿದಳು, ಹಾರುವ ಮೊದಲು ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅಂತ ಶಾಪ ಹಾಕಿದಳು. ತಲಕಾಡಿಗೆ ಹೋದಾಗ ಮರಳ ಮೇಲೆ ನಿಂತು ಮಕ್ಕಳಿಗೆ ತೋರಿಸುತ್ತೇವೆ, ನೋಡು, ಇದೇ ಆ ಮರಳು ಅಂತ. ಅರಮನೆಯಲ್ಲಿ ಇವತ್ತಿಗೂ ನವರಾತ್ರಿಯಲ್ಲಿ ಅಲಮೇಲಮ್ಮನಿಗೆ ಪೂಜೆ ಆಗುತ್ತದೆ. 2017ರ ಡಿಸೆಂಬರ್‌ನಲ್ಲಿ ಮೈಸೂರಿನ ರಾಜಮನೆತನದಲ್ಲಿ ಮಗು ಹುಟ್ಟಿದಾಗ ಪತ್ರಿಕೆ, ಟೀವಿಗಳಲ್ಲೆಲ್ಲ ಆ ಶಾಪದ್ದೇ ಮಾತು. ಒಬ್ಬ ಹೆಣ್ಣುಮಗಳ ಬಾಯಿಂದ ಬಂದ ಮಾತು ಊರನ್ನು ಮರಳು ಮಾಡಿತು ಅಂತ ನಾವು ಮಕ್ಕಳಿಗೆ ಚರಿತ್ರೆಯ ಜೊತೆಗೇ ಹೇಳುತ್ತೇವೆ.

ಮಳವಳ್ಳಿ ಕಡೆಗೆ ಹೋದರೆ ಮಂಟೇಸ್ವಾಮಿ, ಆತನ ಶಿಷ್ಯ ಸಿದ್ದಪ್ಪಾಜಿ, ಈ ಪವಾಡ ಪುರುಷರ ಕಥೆ. ಹಲಗೂರಿನ ಪಾಂಚಾಳರು ಸಿದ್ದಪ್ಪಾಜಿಯನ್ನು ಹೇಗೆಲ್ಲ ಪರೀಕ್ಷೆಗೆ ಒಡ್ಡಿದರು, ಆತ ಪವಾಡದ ಮೇಲೆ ಪವಾಡ ಮಾಡಿ ಕಬ್ಬಿಣದ ಭಿಕ್ಷೆ ಹೇಗೆ ಪಡೆದ ಅನ್ನುವುದನ್ನು ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುತ್ತಾರೆ. ಕಂಸಾಳೆಯವರು ಹುಲಿ ಮೇಲೆ ಬಂದ ಮಾದಪ್ಪನ ಕಥೆ ಹಾಡುತ್ತಾರೆ. ತೊಡೆ ಮೇಲೆ ಮಲಗಿದ ಮಕ್ಕಳು ನಿದ್ದೆಗಣ್ಣಲ್ಲೇ ಅದನ್ನೆಲ್ಲ ಕೇಳಿಸಿಕೊಳ್ಳುತ್ತವೆ. ಯಾವ ತಾಯಿಯೂ ಕಿವಿ ಮುಚ್ಚುವುದಿಲ್ಲ.

ಇನ್ನು ಶಾಲೆಯಲ್ಲಿ ಕಲಿಯುವ ಕಿಂದರಿಜೋಗಿ. ಕಿಂದರಿ ಬಾರಿಸಿ ಊರಿನ ಇಲಿಗಳನ್ನೆಲ್ಲ ಹೊಳೆಗೆ ಇಳಿಸುತ್ತಾನೆ, ಊರ ಗೌಡ ಮಾತಿಗೆ ತಪ್ಪಿದಾಗ ಅದೇ ಕಿಂದರಿ ಬಾರಿಸಿ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುತ್ತಾನೆ. ಬರೆದವರು ಕುವೆಂಪು. ಮೌಢ್ಯದ ವಿರುದ್ಧ, ಪುರೋಹಿತಶಾಹಿಯ ವಿರುದ್ಧ ಇದೇ ಮೈಸೂರಿನಲ್ಲಿ ಕೂತು ಜೀವನವಿಡೀ ಬರೆದ, ವಿಚಾರಕ್ರಾಂತಿಗೆ ಕರೆ ಕೊಟ್ಟ ಮನುಷ್ಯ, ಮಕ್ಕಳಿಗೆ ಅಂತ ಬರೆಯಲು ಕೂತಾಗ ಮಾಯದ ಜೋಗಿಯ ಕಥೆಯನ್ನೇ ಆರಿಸಿಕೊಂಡರು. ಹೊರದೇಶದ ಕಥೆಯನ್ನು ತಂದು ನಮ್ಮ ಹೊಳೆ ದಂಡೆಯಲ್ಲಿ ನಿಲ್ಲಿಸಿದರು. ಮೌಢ್ಯ ಬೇರೆ, ಮಾಯದ ಕಥೆ ಬೇರೆ ಅಂತ ಅವರಿಗೆ ಗೊತ್ತಿತ್ತು. ಈ ವಿಷಯದಲ್ಲಿ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಇಷ್ಟೆಲ್ಲ ಕೇಳಿ ಬೆಳೆದವರ ನಡುವೆ ಆಕ್ಷೇಪ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಬರುತ್ತದೆ. ನಾನು ಭಾನುವಾರಗಳಲ್ಲಿ ಮಕ್ಕಳನ್ನು ಸೇರಿಸಿಕೊಂಡು ಕಥೆ ಓದಿಸುವವಳು, ಎಲ್ಲ ಮನೆಯವರ ಮಾತೂ ನನ್ನ ಕಿವಿಗೆ ಬೀಳುತ್ತದೆ. ಒಬ್ಬ ತಾಯಿ ಬಂದು, "ಮೇಡಂ, ನಮ್ಮ ಚರ್ಚಿನ ಸಭೆಯಲ್ಲಿ ಇದು ಬೇಡ ಅಂದಿದ್ದಾರೆ, ದಯವಿಟ್ಟು ನನ್ನ ಮಗಳಿಗೆ ಬೇರೆ ಪುಸ್ತಕ ಕೊಡಿ" ಅಂತ ಮೆಲ್ಲಗೆ ಕೇಳಿದರು. ಒಬ್ಬ ತಂದೆ ಮಾಟ ನಮ್ಮಲ್ಲಿ ಹರಾಮು ಅಂದರು. ಇನ್ನೊಬ್ಬ ಹುಡುಗನ ಅಜ್ಜಿ ನೇರವಾಗಿ, "ಅದೆಲ್ಲ ನಮ್ ಮನೆಗೆ ಬ್ಯಾಡ ಕಣವ್ವ. ಓದ್ತಾ ಓದ್ತಾ ಗಾಳಿ ಗೀಳಿ ಮೆಟ್ಕೊಂಡ್ರೆ ಯಾರ್ ನೋಡ್ಕತ್ತಾರೆ?" ಅಂದುಬಿಟ್ಟರು.

ಅಜ್ಜಿಯದು ಪಾಪ ಪುಣ್ಯದ ಪ್ರಶ್ನೆ ಅಲ್ಲವೇ ಅಲ್ಲ. ಆಕೆಗೆ ಇರುವುದು ಸೋಂಕಿನ ಭಯ. ನಮ್ಮ ಕಡೆ ಅಮಾವಾಸ್ಯೆ ಮಾರನೇ ದಿನ ಮೂರು ದಾರಿ ಕೂಡುವ ಜಾಗದಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು, ಒಡೆದ ಕುಂಬಳಕಾಯಿ ಬಿದ್ದಿರುತ್ತದೆ. ಸ್ಕೂಲಿಗೆ ಹೊರಟ ಮಗು ಅದನ್ನು ದಾಟದೆ ಬಳಸಿಕೊಂಡು ಹೋಗುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಹಸು ಸತ್ತರೆ, ಮದುವೆ ಮುರಿದರೆ, ಬೆಳೆ ಒಣಗಿದರೆ ಯಾರೋ ಏನೋ ಮಾಡಿಸಿದ್ದಾರೆ ಅನ್ನುವ ಮಾತು ಬಂದೇ ಬರುತ್ತದೆ. ಆಮೇಲೆ ಕೊಳ್ಳೇಗಾಲದ ಹೆಸರೂ ಬರುತ್ತದೆ. ಮಾಟ ನಿಜ ಅಂತ ನಂಬಿದ ಮನೆಗೆ ಮಾಟದ ಪುಸ್ತಕ ಬಂದರೆ ಅಜ್ಜಿ ಹೆದರುವುದರಲ್ಲಿ ಆಶ್ಚರ್ಯ ಏನಿದೆ?

ನನ್ನ ಮಾತು ಇರುವುದು ಇಲ್ಲೇ. ಆ ಅಜ್ಜಿಯ ಭಯಕ್ಕೆ ಕಾರಣ ಪುಸ್ತಕ ಅಲ್ಲ. ಪುಸ್ತಕ ಬರುವ ಮೊದಲೇ ಆ ಭಯ ಮನೆಯಲ್ಲಿತ್ತು, ಯಾರೋ ಅದನ್ನು ದುಡ್ಡಿಗೆ ಮಾರಿ ಹೋಗಿದ್ದರು.

ನಮ್ಮ ಬಸ್ಸುಗಳ ಕಿಟಕಿ ಪಕ್ಕ, ಸ್ಟ್ಯಾಂಡಿನ ಗೋಡೆಗಳ ಮೇಲೆ ಅಂಟಿಸಿರುವ ಚೀಟಿಗಳನ್ನು ನೀವೆಲ್ಲ ನೋಡಿರುತ್ತೀರಿ. ಸ್ತ್ರೀ ಪುರುಷ ವಶೀಕರಣ, ಪ್ರೇಮ ವಿಚಾರ, ಗುಪ್ತ ಸಮಸ್ಯೆ, ಒಂದೇ ದಿನದಲ್ಲಿ ಪರಿಹಾರ, ಕೆಳಗೆ ಮೊಬೈಲ್ ನಂಬರು. ದಿನಾ ಕಾಲೇಜಿಗೆ ಹೋಗಿ ಬರುವ ಹದಿನೇಳರ ಹುಡುಗ ಅದನ್ನು ದಿನಾ ಓದುತ್ತಾನೆ. ಆ ಚೀಟಿಯಲ್ಲಿ ಇರುವುದು ಕಥೆ ಅಲ್ಲ. ಇದು ನಿಜ, ಬಾ, ದುಡ್ಡು ತಗೊಂಡು ಬಾ ಅಂತ ಕರೆಯುತ್ತಿದೆ. ಆ ಚೀಟಿ ಕಿತ್ತುಹಾಕಿ ಅಂತ ಯಾವ ಪೋಷಕರ ಸಭೆಯಲ್ಲೂ ನಾನು ಕೇಳಿಲ್ಲ.

ಈಗ ಹ್ಯಾರಿ ಪಾಟರ್‌ನ ಆರನೇ ಪುಸ್ತಕ ತೆಗೆಯಿರಿ. ಅದರಲ್ಲೂ ವಶೀಕರಣ ಇದೆ. ಒಬ್ಬಳು ಹುಡುಗಿ, ಮನೆಯಲ್ಲಿ ಅಪ್ಪ ಅಣ್ಣನ ಕೈಯಲ್ಲಿ ನರಳಿದವಳು, ಮಾಂತ್ರಿಕರ ಮನೆತನದವಳು, ಆ ಕಡೆ ಕುದುರೆ ಮೇಲೆ ಓಡಾಡುವ ಒಬ್ಬ ಶ್ರೀಮಂತ ಹುಡುಗನ ಮೇಲೆ ಆಸೆಪಡುತ್ತಾಳೆ. ಅವನು ಇವಳ ಕಡೆ ತಿರುಗಿಯೂ ನೋಡುವುದಿಲ್ಲ. ಆಕೆ ಅವನಿಗೆ ಪ್ರೀತಿ ಬರಿಸುವ ಮದ್ದು ಕುಡಿಸಿರಬೇಕು ಅಂತ ಶಾಲೆಯ ಮುಖ್ಯ ಗುರು ಊಹಿಸಿ ಹೇಳುತ್ತಾರೆ. ಮದುವೆಯಾಗುತ್ತದೆ. ಆಮೇಲೆ ಒಂದು ದಿನ, ಇನ್ನಾದರೂ ಇವನಿಗೆ ನನ್ನ ಮೇಲೆ ನಿಜವಾದ ಪ್ರೀತಿ ಬಂದಿರಬಹುದು, ಹುಟ್ಟುವ ಮಗುವಿನ ಮುಖ ನೋಡಿಯಾದರೂ ಉಳಿಯಬಹುದು ಅಂತ ಮದ್ದು ಕೊಡುವುದು ನಿಲ್ಲಿಸುತ್ತಾಳೆ. ಅವನು ಬಿಟ್ಟು ಹೋಗುತ್ತಾನೆ. ಆಕೆ ಮಗು ಹೆತ್ತು ಸಾಯುತ್ತಾಳೆ, ಮಗು ಅನಾಥಾಲಯದಲ್ಲಿ ಬೆಳೆಯುತ್ತದೆ. ಆ ಮಗುವೇ ಮುಂದೆ ಕಥೆಯ ದುಷ್ಟ ಮಾಂತ್ರಿಕ ವೊಲ್ಡಮಾರ್ಟ್. ಬಲವಂತದ ಪ್ರೀತಿಯ ಗತಿ ಏನಾಗುತ್ತದೆ ಅಂತ ಇದಕ್ಕಿಂತ ಬಿಡಿಸಿ ನಾವು ನಮ್ಮ ಮಕ್ಕಳಿಗೆ ಹೇಳಿದ್ದೇವಾ? ಬಸ್ಸಿನ ಚೀಟಿ ಓದುವ ಹುಡುಗನಿಗೆ ನಾನು ಈ ಅಧ್ಯಾಯ ಓದಿಸುತ್ತೇನೆ.

ಅದೇ ಪುಸ್ತಕದಲ್ಲಿ ತಮಾಷೆ ಸಾಮಾನಿನ ಅಂಗಡಿಯಲ್ಲಿ ಇಂಥದೇ ಮದ್ದನ್ನು ಹುಡುಗಿಯರಿಗೆ ಮಾರುತ್ತಾರೆ, ಅದನ್ನು ನಗೆಯಾಗೇ ಬರೆದಿದೆ. ಅದು ನನಗೆ ಸರಿ ಕಾಣುವುದಿಲ್ಲ. ಪುಸ್ತಕ ಓದಿದ ಪೋಷಕರೊಬ್ಬರು ಆ ಪುಟ ತೋರಿಸಿ ಆಕ್ಷೇಪ ಎತ್ತಿದರೆ ನಾನು ಅವರ ಪಕ್ಕ ನಿಲ್ಲುತ್ತೇನೆ. ಹ್ಯಾರಿ ದೊಡ್ಡವರಿಗೆ ಸುಳ್ಳು ಹೇಳಿ ನಿಯಮ ಮುರಿದರೂ ಕೊನೆಗೆ ಶಭಾಷ್ ಅನ್ನಿಸಿಕೊಳ್ಳುತ್ತಾನೆ ಅನ್ನುವ ಆಕ್ಷೇಪವೂ ಇದೆ, ಅದರಲ್ಲೂ ಹುರುಳಿದೆ. ಇವು ಓದಿದವರು ಎತ್ತುವ ಆಕ್ಷೇಪಗಳು. ಇವುಗಳ ಜೊತೆ ಮಾತಾಡಬಹುದು.

ವೊಲ್ಡಮಾರ್ಟ್‌ನ ವಿಷಯಕ್ಕೇ ಬಂದರೆ, ಅವನು ಸಾಯಬಾರದು ಅಂತ ತನ್ನ ಆತ್ಮವನ್ನು ತುಂಡು ಮಾಡಿ ಬೇರೆ ಬೇರೆ ವಸ್ತುಗಳಲ್ಲಿ ಬಚ್ಚಿಡುತ್ತಾನೆ. ಇದನ್ನು ನಮ್ಮ ಮಕ್ಕಳಿಗೆ ಓದಿ ಹೇಳಿದಾಗ ಒಬ್ಬ ಹುಡುಗ ತಕ್ಷಣ, "ಮಿಸ್, ಏಳು ಸಮುದ್ರದ ಆಚೆ ಗಿಣಿ ಹೊಟ್ಟೆಯಲ್ಲಿ ರಾಕ್ಷಸನ ಪ್ರಾಣ!" ಅಂತ ಕೂಗಿದ. ಹೌದು, ಅದೇ. ನಮ್ಮ ಅಜ್ಜಿಯರು ಎಷ್ಟೋ ಕಾಲದಿಂದ ಹೇಳುತ್ತಾ ಬಂದದ್ದು. ಒಂದು ವ್ಯತ್ಯಾಸ ಇದೆ, ಅದು ದೊಡ್ಡದು. ನಮ್ಮ ರಾಕ್ಷಸ ಪ್ರಾಣವನ್ನು ಗಿಣಿಯಲ್ಲಿ ಇಡಲು ಏನು ಮಾಡಿದ ಅಂತ ಅಜ್ಜಿ ಹೇಳುವುದಿಲ್ಲ. ಇಲ್ಲಿ ಆತ್ಮ ತುಂಡಾಗುವುದು ಕೊಲೆ ಮಾಡಿದಾಗ ಮಾತ್ರ. ಒಂದೊಂದು ಕೊಲೆಗೂ ಅವನು ಮನುಷ್ಯತ್ವ ಕಳೆದುಕೊಳ್ಳುತ್ತಾ ಹೋಗುತ್ತಾನೆ, ಮುಖದ ರೂಪವೇ ಬದಲಾಗುತ್ತದೆ. ಪಾಪ ಮಾಡಿದರೆ ಆತ್ಮಕ್ಕೆ ಪೆಟ್ಟಾಗುತ್ತದೆ ಅಂತ ಯಾವ ಗುಡಿ, ಯಾವ ಚರ್ಚು, ಯಾವ ಮಸೀದಿ ಹೇಳುವುದಿಲ್ಲ ಹೇಳಿ?

ಭವಿಷ್ಯ ಹೇಳುವ ಪಾಠವೂ ಆ ಶಾಲೆಯಲ್ಲಿ ಇದೆ. ಬಟ್ಟಲಿನ ತಳದ ಟೀ ಸೊಪ್ಪು ನೋಡಿ ಕಣಿ ಹೇಳುವುದು. ಆ ಟೀಚರ್ ವರ್ಷಾ ವರ್ಷ ಯಾರಾದರೂ ಒಬ್ಬ ಹುಡುಗ ಸಾಯುತ್ತಾನೆ ಅನ್ನುತ್ತಾರೆ, ಯಾರೂ ಸಾಯುವುದಿಲ್ಲ. ಕಥೆಯಲ್ಲೇ ಬುದ್ಧಿವಂತೆ ಅನ್ನಿಸಿಕೊಂಡ ಹುಡುಗಿ ಹರ್ಮಾಯಿನಿ ಬೇಸತ್ತು ಆ ತರಗತಿಯಿಂದ ಎದ್ದು ಹೋಗುತ್ತಾಳೆ. ಆ ಟೀಚರ್ ಬಾಯಲ್ಲಿ ಬಂದ ಎರಡು ಮಾತು ನಿಜವಾಗುತ್ತವೆ, ಅದನ್ನೂ ಹೇಳಬೇಕು. ಆದರೂ ಕಣಿ ಕೇಳಲು ಹೋಗಬೇಡ ಅನ್ನುವ ಧರ್ಮೋಪದೇಶಕಾಂಡದ ಮಾತಿಗೆ ಈ ಪುಸ್ತಕ ಎಷ್ಟು ಹತ್ತಿರ ಇದೆ ನೋಡಿ. ಸತ್ತವರನ್ನು ಯಾವ ಮಂತ್ರವೂ ಎಬ್ಬಿಸಲಾರದು ಅಂತಲೂ ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಕೊನೆಯ ಪುಸ್ತಕದಲ್ಲಿ ಹ್ಯಾರಿ ತನ್ನ ಅಪ್ಪ ಅಮ್ಮನ ಸಮಾಧಿಗೆ ಹೋಗುತ್ತಾನೆ. ಕಲ್ಲಿನ ಮೇಲೆ ಕೆತ್ತಿರುವುದು ಬೈಬಲ್ಲಿನ ಸಾಲು, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದ್ದು, ಕಡೆಯ ಶತ್ರುವಾದ ಮರಣವೂ ನಾಶವಾಗುತ್ತದೆ ಅನ್ನುವ ಮಾತು. ಹ್ಯಾರಿ ಪಾಟರ್ ಬರೆದ ರೌಲಿಂಗ್ ಅವರೇ 2007ರಲ್ಲಿ ಕಥೆಯ ಹಿಂದಿನ ಕ್ರೈಸ್ತ ನಂಬಿಕೆಯ ಬಗ್ಗೆ ಬಾಯಿಬಿಟ್ಟು ಹೇಳಿದರು. ಆಲಮಗಾರ್ಡೊದ ಬೆಂಕಿಯ ಹೊತ್ತಿಗೆ ಆ ಕೊನೆಯ ಪುಸ್ತಕ ಇನ್ನೂ ಬಂದಿರಲಿಲ್ಲ ನಿಜ. ಆಮೇಲೆ ಸುಟ್ಟವರಿಗೆ, ಕಪಾಟಿನಿಂದ ತೆಗೆದವರಿಗೆ ಆ ನೆಪವೂ ಇಲ್ಲ.

ನಾರ್ನಿಯಾ ಅನ್ನುವ ಮಾಯಾಲೋಕದ ಕಥೆಗಳನ್ನು ಓದಿಸುತ್ತೇವೆ, ಹ್ಯಾರಿ ಪಾಟರ್ ಬೇಡ ಅನ್ನುವ ಕ್ರೈಸ್ತ ಮನೆಗಳೂ ಇವೆ. ನಾರ್ನಿಯಾ ಬರೆದ ಸಿ. ಎಸ್. ಲೂಯಿಸ್ ಗಾಢ ನಂಬಿಕೆಯ ಕ್ರೈಸ್ತರು, ಮಾಟಗಾತಿ ಅಲ್ಲಿ ಕೆಟ್ಟವಳು, ಅದಕ್ಕೇ. ಅವರ 1952ರ ಪುಸ್ತಕದಲ್ಲಿ ಲೂಸಿ ಅನ್ನುವ ಹುಡುಗಿ ಮಾಂತ್ರಿಕನ ಪುಸ್ತಕ ತೆರೆದು, ಗೆಳತಿಯರು ತನ್ನ ಬಗ್ಗೆ ಏನಂದುಕೊಳ್ಳುತ್ತಾರೆ ಅಂತ ತಿಳಿಯುವ ಮಂತ್ರ ಓದೇಬಿಡುತ್ತಾಳೆ. ಗೆಳತಿಯೊಬ್ಬಳು ಬೇರೆಯವಳ ಎದುರು ತನ್ನನ್ನು ಬಿಟ್ಟುಕೊಟ್ಟು ಮಾತಾಡುವುದು ಕೇಳಿಸುತ್ತದೆ, ಮನಸ್ಸು ಮುರಿಯುತ್ತದೆ. ಆಮೇಲೆ ಅಸ್ಲಾನ್ ಅನ್ನುವ ಸಿಂಹ, ಮಂತ್ರದಿಂದ ಕದ್ದು ಕೇಳಿದರೂ ಕದ್ದು ಕೇಳಿದ ಹಾಗೆಯೇ ಅಂತ ಅವಳಿಗೆ ತಿಳಿಹೇಳುತ್ತದೆ. ಇನ್ನೊಬ್ಬರ ಮೊಬೈಲ್ ತೆರೆದು ಮೆಸೇಜ್ ಓದುವ ಈ ಕಾಲದ ಮಕ್ಕಳಿಗೆ ಇದಕ್ಕಿಂತ ಬೇಕಾದ ಕಥೆ ಯಾವುದಿದೆ? ಅಲ್ಲೂ ಮಾಯ ಇದೆ, ಇಲ್ಲೂ ಮಾಯ ಇದೆ. ಕೈಗೆ ಶಕ್ತಿ ಬಂದಾಗ ಮನುಷ್ಯ ಏನು ಮಾಡುತ್ತಾನೆ ಅನ್ನುವುದನ್ನು ಎರಡೂ ಕಡೆ ನೋಡುತ್ತಿದ್ದೇವೆ.

ನಮ್ಮ ರಾಜ್ಯದ ಕಾನೂನಿಗೂ ಈ ಗೆರೆ ಗೊತ್ತಿದೆ. ಅಮಾನವೀಯ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರಲ್ಲಿ ಆಯಿತು, 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ನಿಧಿಗಾಗಿ ವಾಮಾಚಾರ ಮಾಡುವುದು, ಇವೆಲ್ಲ ಅದರಲ್ಲಿ ಅಪರಾಧ. ಹರಿಕಥೆ, ಭಜನೆ, ಪ್ರವಚನ, ಹಿಂದಿನ ಸಂತರ ಪವಾಡಗಳನ್ನು ಹೇಳುವುದು ಅಪರಾಧ ಅಲ್ಲ ಅಂತಲೂ ಬರೆದಿದ್ದಾರೆ. ಮಾಡುವುದು ಬೇರೆ, ಕಥೆಯಾಗಿ ಹೇಳುವುದು ಬೇರೆ.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಬರೆದು ಮುಗಿಸುತ್ತೇನೆ.

ಒಬ್ಬ ತಾಯಿ, ಮಗು ಓದಿ ರಾತ್ರಿ ಹೆದರಿದರೆ ಏನು ಮಾಡೋದು ಅಂತ ಕೇಳಿದರು. ಹೆದರಿದ ಮಗುವಿಗೆ "ಅದೆಲ್ಲ ಸುಳ್ಳು, ಮಲ್ಕೋ" ಅನ್ನಬೇಡಿ. ಪಕ್ಕದಲ್ಲಿ ಕೂತು ಯಾವ ಜಾಗದಲ್ಲಿ ಹೆದರಿಕೆ ಆಯಿತು ಅಂತ ಕೇಳಿ, ಆ ಪುಟವನ್ನು ಬೆಳಗ್ಗೆ ಬೆಳಕಿನಲ್ಲಿ ಒಟ್ಟಿಗೆ ಓದಿ. ನಾಲ್ಕನೇ ಪುಸ್ತಕದಿಂದ ಮುಂದೆ ಕಥೆ ಕತ್ತಲಾಗುತ್ತಾ ಹೋಗುತ್ತದೆ, ಸಾವುಗಳು ಬರುತ್ತವೆ. ಎಂಟು ವರ್ಷದ ಮಗುವಿಗೆ ಅದು ಜಾಸ್ತಿ ಆಗಬಹುದು. ಇನ್ನೆರಡು ವರ್ಷ ಬಿಟ್ಟು ಓದಲಿ, ಪುಸ್ತಕ ಎಲ್ಲೂ ಓಡಿಹೋಗುವುದಿಲ್ಲ.

ಇನ್ನೊಬ್ಬ ಮೇಷ್ಟ್ರು, ನಮ್ಮ ಶಾಲೆಯ ಲೈಬ್ರರಿಯಿಂದ ಈ ಪುಸ್ತಕ ತೆಗೆಯಿರಿ ಅಂತ ಇಬ್ಬರು ಪೋಷಕರು ಅರ್ಜಿ ಕೊಟ್ಟಿದ್ದಾರೆ, ಜಗಳ ಬೇಡ ಅಂತ ಬೀರುವಿನಲ್ಲಿಟ್ಟು ಮನೆಯಿಂದ ಸಹಿ ತಂದವರಿಗೆ ಮಾತ್ರ ಕೊಡೋಣವಾ ಅಂತ ಕೇಳಿದರು. ಇದೇ ಉಪಾಯವನ್ನು 2002ರಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ಸೀಡರ್‌ವಿಲ್ ಅನ್ನುವ ಸಣ್ಣ ಊರಿನ ಶಾಲಾ ಮಂಡಳಿ ಮಾಡಿತ್ತು. ಒಬ್ಬ ವಿದ್ಯಾರ್ಥಿನಿಯ ಅಪ್ಪ ಅಮ್ಮ ಕೋರ್ಟಿಗೆ ಹೋದರು. ಸಹಿ ತಂದು ಕೇಳಬೇಕಾದ ಪುಸ್ತಕ ಅಂದರೆ ಅದನ್ನು ಕೇಳುವ ಮಗುವಿನ ಮೇಲೂ ಕಳಂಕ ಹಚ್ಚಿದ ಹಾಗೆ ಆಗುತ್ತದೆ ಅನ್ನುವುದನ್ನು ಒಪ್ಪಿ, 2003ರಲ್ಲಿ ನ್ಯಾಯಾಧೀಶರು ಪುಸ್ತಕಗಳನ್ನು ಎಲ್ಲರ ಕೈಗೆ ಸಿಗುವ ಕಪಾಟಿಗೇ ವಾಪಸ್ ಇಡಿಸಿದರು. ಆ ದೇಶದ ಕಾನೂನು ನಮಗೆ ಅನ್ವಯ ಆಗುವುದಿಲ್ಲ, ಆದರೆ ಕಾರಣ ಮಂಡ್ಯದ ಮಗುವಿಗೂ ಅದೇ. ಹಾಗಾಗಿ ಮೇಷ್ಟ್ರೇ, ಪುಸ್ತಕ ಕಪಾಟಿನಲ್ಲೇ ಇರಲಿ. ಆ ಇಬ್ಬರು ತಮ್ಮ ಮಕ್ಕಳಿಗೆ ಬೇಡ ಅಂದರೆ ಅವರ ಮಾತಿಗೆ ಬೆಲೆ ಕೊಡಿ, ಆ ಮಕ್ಕಳಿಗೆ ಬೇರೆ ಒಳ್ಳೆಯ ಪುಸ್ತಕ ಹುಡುಕಿ ಕೊಡಿ, ಯಾರ ಎದುರೂ ಅವರನ್ನು ಗೇಲಿ ಮಾಡಲು ಬಿಡಬೇಡಿ. ಅರ್ಜಿ ಕೊಟ್ಟವರನ್ನು ಶನಿವಾರ ಕ್ಲಾಸು ಬಿಟ್ಟ ಮೇಲೆ ಕರೆದು ಕೂರಿಸಿ, ಮೊದಲನೇ ಪುಸ್ತಕ ಅವರ ಕೈಗೇ ಕೊಟ್ಟು ಓದಿಕೊಂಡು ಬರಲು ಹೇಳಿ. ಆಮೇಲೂ ಆಕ್ಷೇಪ ಇದ್ದರೆ ಯಾವ ಪುಟ, ಯಾಕೆ ಅಂತ ಕೇಳಿ ಬರೆದುಕೊಳ್ಳಿ. ನನ್ನನ್ನೂ ಕರೆಯಿರಿ, ನಾನು ಬರುತ್ತೇನೆ.